ಕೃತ್ತಿಕೆ ಮಳೆ, ಜಲಂಧರ್ ಬೀಜ

ಬೇಸಿಗೆ ಕೊನೆಗೆ ಬರುತ್ತಿದ್ದಂತೆ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಪಂಜಾಬಿನ ಲಾರಿಗಳು ಬಂದು ನಿಲ್ಲುತ್ತವೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಉರುಳಿ ಬಂದ ಆ ಚೀಲಗಳಲ್ಲಿರುವುದು ಬಿತ್ತನೆ ಆಲೂಗಡ್ಡೆ. ಊರವರ ಬಾಯಲ್ಲಿ ಅದು ‘ಜಲಂಧರ್ ಬೀಜ’. ಆಲೂರು, ಬೇಲೂರು, ಅರಕಲಗೂಡು ಕಡೆಯಿಂದ ಬಂದ ರೈತರು ಚೀಲದ ಬಾಯಿ ಬಿಚ್ಚಿಸಿ ಗೆಡ್ಡೆಯೊಂದನ್ನು ಎತ್ತಿಕೊಳ್ಳುತ್ತಾರೆ. ಉಗುರಿನಿಂದ ಒತ್ತುತ್ತಾರೆ, ಮೂಸುತ್ತಾರೆ, ಕಣ್ಣು ಎಷ್ಟು ಒಡೆದಿದೆ ಎಂದು ತಿರುಗಿಸಿ ನೋಡುತ್ತಾರೆ. ಆಮೇಲೆ ತಲೆ ಎತ್ತಿ ಮೋಡ ನೋಡುತ್ತಾರೆ. ಬೀಜ ಕೈಯಲ್ಲಿದೆ, ಪರೀಕ್ಷಿಸಬಹುದು. ಮಳೆಯನ್ನು ಹಾಗೆ ಮೂಸಿ ನೋಡಿ ಕೊಳ್ಳಲಾಗದು.

ಭಾರತದ ಆಲೂಗಡ್ಡೆಯಲ್ಲಿ ಬಹುಪಾಲು ಗಂಗಾ ಬಯಲಿನ ಚಳಿಗಾಲದ ಬೆಳೆ. ನೀರಾವರಿ ಇದೆ, ಆಕಾಶ ತಿಳಿಯಾಗಿರುತ್ತದೆ, ರಾತ್ರಿ ಮೈ ಕೊರೆಯುವ ತಂಪು. ಹಾಸನದ ಬೆಳೆ ಇದಕ್ಕೆ ತೀರಾ ತಿರುವುಮುರುವು. ಇಲ್ಲಿ ಅದು ಮುಂಗಾರಿನ, ಮಳೆಯಾಶ್ರಿತ ಬೆಳೆ; ಮೇ–ಜೂನ್‌ನಲ್ಲಿ ಬಿತ್ತಿ ಮೂರು ತಿಂಗಳಿಗೆ ಕಿತ್ತುಬಿಡುವಂಥದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಕೆಂಪು ನೆಲ ಮತ್ತು ಮಲೆನಾಡಿನ ಅಂಚಿನ ತಂಪು, ಇವೆರಡರ ಬಲದ ಮೇಲೆ ನಿಂತ ಬೇಸಾಯ ಇದು. ಎರಡರಲ್ಲಿ ಒಂದು ಸ್ವಲ್ಪ ಕದಲಿದರೂ ಗೆಡ್ಡೆಗೆ ಗೊತ್ತಾಗುತ್ತದೆ. ಅದು ರೈತನಿಗೆ ಹೇಗೆ ಗೊತ್ತಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಸಮೀಕ್ಷೆಯ ಹಾಳೆ ಹಿಡಿದು ಹೋಗಿ ‘ಹವಾಮಾನ ಬದಲಾವಣೆಯಿಂದ ನಿಮ್ಮ ಬೆಳೆಗೆ ಅಪಾಯವಿದೆಯೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಸಲೀಸಾಗಿ ಸಿಗುತ್ತದೆ. ಆ ಹೌದಿನಿಂದ ತಿಳಿಯುವುದು ಮಾತ್ರ ಬಹಳ ಕಡಿಮೆ. ಕನ್ನಡದಲ್ಲಿ ‘ಹವಾಮಾನ’ ಎಂದರೆ ಆಕಾಶವಾಣಿಯ ವರದಿಯಲ್ಲಿ ಬರುವ ನಾಳೆಯ ಮಳೆಯೂ ಹೌದು, ಮೂವತ್ತು ವರ್ಷದ ಸರಾಸರಿಯೂ ಹೌದು. ಎರಡನೆಯದಕ್ಕೆಂದು ಪಠ್ಯಪುಸ್ತಕ ಇಟ್ಟುಕೊಂಡಿರುವ ‘ವಾಯುಗುಣ’ ಎಂಬ ಪದ ಪರೀಕ್ಷೆ ಮುಗಿದ ಮೇಲೆ ಹೊಲದ ಕಡೆ ತಲೆ ಹಾಕಿದ್ದಿಲ್ಲ. ಹಳ್ಳಿಯ ಸ್ವಂತ ಪದ ‘ಕಾಲ’. ‘ಕಾಲ ಕೆಟ್ಟೋಯ್ತು’ ಎಂಬ ಮಾತಿನೊಳಗೆ ತಪ್ಪಿದ ಮಳೆ ಇದೆ, ಕೂಲಿಗೆ ಸಿಗದ ಆಳು ಇದೆ, ಬೆಂಗಳೂರಿಗೆ ಹೋದ ಮಗ ಇದ್ದಾನೆ, ಎತ್ತು ಮಾರಿ ಕೊಂಡ ಟ್ರ್ಯಾಕ್ಟರಿನ ಕಂತೂ ಇದೆ. ಸಂಶೋಧಕರು ಇವುಗಳಿಂದ ಮಳೆಯನ್ನಷ್ಟೇ ಹೆಕ್ಕಿ ಬೇರೆ ಪಟ್ಟಿ ಮಾಡುತ್ತಾರೆ. ರೈತರಿಗೆ ಹಾಗೆ ಹೆಕ್ಕುವ ಅಗತ್ಯವೇ ಕಾಣುವುದಿಲ್ಲ, ಏಕೆಂದರೆ ನಷ್ಟ ಬರುವಾಗ ಬಿಡಿಬಿಡಿಯಾಗಿ ಬರುವುದಿಲ್ಲ.

ಹಾಗೆಂದು ಅವರ ಬಳಿ ಅಳತೆಗೋಲಿಲ್ಲ ಎಂದಲ್ಲ. ಇದೆ, ಬಹಳ ಹಳೆಯದು. ಅಶ್ವಿನಿಯಿಂದ ಶುರುವಾಗಿ ಹದಿಮೂರು–ಹದಿನಾಲ್ಕು ದಿನಕ್ಕೊಂದರಂತೆ ಸಾಗುವ ನಕ್ಷತ್ರದ ಮಳೆಗಳೇ ಆ ಅಳತೆಗೋಲು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಈಗಲೂ ಬಾಯಲ್ಲಿ ಉಳಿದಿದೆ. ಭರಣಿಗೆ ನೆಲ ಉತ್ತು, ಕೃತ್ತಿಕೆ–ರೋಹಿಣಿಗೆ ಗೆಡ್ಡೆ ಊರಿ, ಆರಿದ್ರಾ ಹೊತ್ತಿಗೆ ಬುಡಕ್ಕೆ ಮಣ್ಣು ಏರಿಸಿ ಮುಗಿಸಬೇಕು. ಹೀಗೆ ಲೆಕ್ಕ ಹಾಕುವವರ ದೂರು ‘ಮಳೆ ಕಡಿಮೆಯಾಯಿತು’ ಎಂಬುದಲ್ಲ. ‘ಮಳೆ ತನ್ನ ನಕ್ಷತ್ರದಲ್ಲಿ ಬರುತ್ತಿಲ್ಲ’ ಎಂಬುದು. ಇವೆರಡರ ನಡುವಿನ ಅಂತರ ದೊಡ್ಡದು. ಸರ್ಕಾರಿ ವರದಿ ‘ವಾಡಿಕೆ ಮಳೆ’ಯ ಲೆಕ್ಕ ಕೊಡುವುದು ಮಿಲಿಮೀಟರಿನಲ್ಲಿ, ತಿಂಗಳಿಗೋ ಹಂಗಾಮಿಗೋ ಒಟ್ಟು ಹಾಕಿ. ಬಿತ್ತುವವರಿಗೆ ಬೇಕಾದದ್ದು ‘ಹದ’. ಮಣ್ಣು ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಪುಡಿಯಾಗಬೇಕು, ನೇಗಿಲಿಗೆ ಅಂಟಬಾರದು. ಕೊಯ್ದು ತುಂಡು ಮಾಡಿದ ಬೀಜದ ಗೆಡ್ಡೆಗಂತೂ ಈ ಹದ ಜೀವನ್ಮರಣದ ಮಾತು. ನೆಲ ಕಾದಿದ್ದರೆ ತುಂಡು ಬಾಡುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಹಂಗಾಮಿನ ಮಳೆ ವಾಡಿಕೆಯಷ್ಟೇ ಆಗಿಯೂ ಹದ ಒಂದು ದಿನವೂ ಸಿಗದೇ ಹೋಗಬಹುದು.

ಮಳೆ ಸರಿದಿರುವುದಲ್ಲ, ಪಂಚಾಂಗವೇ ಸರಿದಿದೆ ಎಂದು ವಾದಿಸುವವರೂ ಉಂಟು. ಅವರ ಮಾತಿನಲ್ಲಿ ಎಳ್ಳಷ್ಟು ಸತ್ಯವಿದೆ. ನಕ್ಷತ್ರದ ವರ್ಷಕ್ಕೂ ಗೋಡೆ ಕ್ಯಾಲೆಂಡರಿನ ವರ್ಷಕ್ಕೂ ಇರುವ ಸಣ್ಣ ವ್ಯತ್ಯಾಸ ಕೂಡುತ್ತ ಹೋಗಿ ಸುಮಾರು 72 ವರ್ಷಕ್ಕೆ ಒಂದು ದಿನ ಆಗುತ್ತದೆ. ತಾತನ ಕೃತ್ತಿಕೆಗೂ ಮೊಮ್ಮಗನ ಕೃತ್ತಿಕೆಗೂ ಒಂದು ದಿನದ ಅಂತರ, ಅಷ್ಟೇ. ಮಳೆಯ ಓಲಾಟ ಇದರ ಹತ್ತಾರು ಪಟ್ಟು. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, ಅಂದರೆ ರೋಹಿಣಿ ಮುಗಿದು ಮೃಗಶಿರಾ ಕಾಲಿಡುವ ಹೊತ್ತಿಗೆ. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು, ಕೃತ್ತಿಕೆ ಇನ್ನೂ ಮುಗಿಯುತ್ತಿರುವಾಗ. ಎರಡೇ ವರ್ಷದಲ್ಲಿ ಹದಿನೈದು ದಿನದ ಆಚೀಚೆ. ಒಂದು ಇಡೀ ನಕ್ಷತ್ರವನ್ನೇ ನುಂಗುವಷ್ಟು. ಜೊತೆಗೆ 2023ರ ಆಗಸ್ಟ್ ತಿಂಗಳು ದೇಶದ ಮಟ್ಟಿಗೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಎನಿಸಿಕೊಂಡಿತು. ಕರ್ನಾಟಕ ಆ ವರ್ಷ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂಗಾರು ಬೇಗ ಬರುವುದೂ ತಡವಾಗುವುದೂ ಹಿಂದೆಯೂ ಇತ್ತು, ನಿಜ. ಆದರೆ ಸಾಲ ಮಾಡಿ ಎಕರೆಗೆ ಆರೇಳು ಕ್ವಿಂಟಲ್ ಬೀಜ ತಂದು ಕೊಟ್ಟಿಗೆಯಲ್ಲಿ ಹರಡಿಕೊಂಡವನಿಗೆ ಸರಾಸರಿ ಸಮಾಧಾನ ಹೇಳುವುದಿಲ್ಲ. ಆಲೂಗಡ್ಡೆ ಬೇಸಾಯದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಬೀಜದ್ದೇ. ಮೊಳಕೆ ಒಡೆದ ಬೀಜ ಮುಂದಿನ ಮಳೆಗೆಂದು ಕಾಯುತ್ತ ಕೂರುವುದಿಲ್ಲ.

ಬಿತ್ತನೆ ದಾಟಿಕೊಂಡರೆ ಎದುರಾಗುವುದು ಅಂಗಮಾರಿ.

ಐರ್ಲೆಂಡನ್ನು 1845ರಿಂದ ಕೆಲವೇ ವರ್ಷಗಳಲ್ಲಿ ಬರಿದು ಮಾಡಿದ್ದೂ ಇದೇ ರೋಗ. ಫೈಟಾಪ್ತೊರಾ ಇನ್‌ಫೆಸ್ಟಾನ್ಸ್ ಎಂಬ ಈ ಜೀವಿ ನೋಡಲು ಶಿಲೀಂಧ್ರದಂತೆ, ಕುಲದಲ್ಲಿ ಪಾಚಿಗಳ ನಂಟ. ಎಲೆಯ ಮೇಲೆ ನೀರಿನ ಪಸೆ ಇದ್ದರೆ ಇದರ ಬೀಜಕಣ ಈಜಾಡುತ್ತದೆ. ಹಗಲು ರಾತ್ರಿ ಮೋಡ ಮುಚ್ಚಿ, ಜಿಟಿಜಿಟಿ ಸೋನೆ ಹಿಡಿದು, ಬಿಸಿಲಿನ ಮುಖವೇ ಕಾಣದ ನಾಲ್ಕು ದಿನ ಸಿಕ್ಕರೆ ಹಸಿರಾಗಿದ್ದ ತಾಕು ವಾರದೊಳಗೆ ಸುಟ್ಟ ಹಾಗೆ ಕರ‍್ರಗಾಗುತ್ತದೆ. ಜುಲೈನ ಪುನರ್ವಸು, ಪುಷ್ಯ ಮಳೆಗಳ ಸ್ವಭಾವವೇ ಇಂಥದ್ದು. ಈ ಲಕ್ಷಣಗಳನ್ನು ಹಾಸನದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೋಡದ ಬಣ್ಣ ನೋಡಿಯೇ ಪಂಪು ಬೆನ್ನಿಗೇರಿಸುತ್ತಾರೆ.

ತೊಡಕು ಶುರುವಾದದ್ದು ಔಷಧಿ ಕೆಲಸ ಮಾಡದೇ ಹೋದಾಗ. ದಶಕಕ್ಕೂ ಹಿಂದೆ ದಕ್ಷಿಣ ಭಾರತದ ಆಲೂಗಡ್ಡೆ ಮತ್ತು ಟೊಮ್ಯಾಟೊ ಎರಡನ್ನೂ ಅಂಗಮಾರಿ ಹಿಂದೆಂದೂ ಕಾಣದ ಉಗ್ರತೆಯಿಂದ ಮುತ್ತಿತು. ಮೊದಲು ಎರಡು ಸಲ ಹೊಡೆದರೆ ನಿಲ್ಲುತ್ತಿದ್ದ ರೋಗ ಎಷ್ಟು ಸಲ ಹೊಡೆದರೂ ನಿಲ್ಲದಾಯಿತು. ಹಳ್ಳಿಯಲ್ಲಿ ಇದಕ್ಕೆ ಮೂರು ವಿವರಣೆ ಹುಟ್ಟಿಕೊಂಡವು: ಅಂಗಡಿಯವನು ಕೊಟ್ಟ ಔಷಧಿ ನಕಲಿ, ಜಲಂಧರಿನಿಂದ ಬಂದ ಬೀಜ ಕಳಪೆ, ಇಲ್ಲವೇ ಕಾಲವೇ ಕೆಟ್ಟಿದೆ. ಬೆಂಗಳೂರಿನ ವಿಜ್ಞಾನಿಗಳು ರೋಗಾಣುವಿನ ವಂಶವಾಹಿಯನ್ನೇ ಪರೀಕ್ಷಿಸಿ ನೋಡಿದಾಗ ನಾಲ್ಕನೆಯ ಉತ್ತರ ಸಿಕ್ಕಿತು. ಯುರೋಪಿನಲ್ಲಿ ಅದಾಗಲೇ ಹಾವಳಿ ಮಾಡಿದ್ದ ‘13_ಎ2’ ಎಂಬ ಹೊಸ ತಳಿಯ ರೋಗಾಣು ಇಲ್ಲಿಗೂ ಕಾಲಿಟ್ಟು ಹಳೆಯದನ್ನು ಒತ್ತರಿಸಿಬಿಟ್ಟಿತ್ತು. ಅಂಗಮಾರಿಗೆ ರಾಮಬಾಣ ಎನಿಸಿದ್ದ ಮೆಟಲಾಕ್ಸಿಲ್ ಈ ತಳಿಗೆ ನಾಟುತ್ತಲೇ ಇರಲಿಲ್ಲ. ಅಂದರೆ ಅಸಲಿ ಔಷಧಿ ಹೊಡೆದವನಿಗೂ ನಕಲಿ ಹೊಡೆದವನಿಗೂ ಹೊಲದಲ್ಲಿ ಕಂಡದ್ದು ಒಂದೇ ಫಲ.

ಬೀಜದ ಮೇಲಿನ ದೂರಿಗೂ ಇಂಥದೇ ಹಿನ್ನೆಲೆ ಇದೆ. ಹಾಸನದಲ್ಲಿ ಬಹುಕಾಲ ಮೆರೆದ ತಳಿ ಕುಫ್ರಿ ಜ್ಯೋತಿ. ಶಿಮ್ಲಾ ಪಕ್ಕದ ಕುಫ್ರಿ ಎಂಬ ಊರಿನ ಹೆಸರನ್ನೇ ತಲೆಯ ಮೇಲೆ ಹೊತ್ತ ತಳಿಗಳ ಸಾಲಿನಲ್ಲಿ ಇದು 1968ರಷ್ಟು ಹಳೆಯದು. ಬಿಡುಗಡೆಯಾದಾಗ ಅದರ ಹೆಚ್ಚುಗಾರಿಕೆಯೇ ಅಂಗಮಾರಿಯನ್ನು ತಾಳಿಕೊಳ್ಳುವ ಗುಣ. ‘ಮೊದಲಿನ ಜ್ಯೋತಿ ಈಗಿಲ್ಲ’ ಎಂದು ಹಿರಿಯರು ಹೇಳಿದರೆ ಅದು ಬರೀ ಹಳಹಳಿಕೆಯಲ್ಲ. ತಳಿ ಅದೇ ಇದೆ, ಅದರ ಕವಚವನ್ನು ಸೀಳುವ ರೋಗಾಣು ಬಂದಿದೆ. ರೈತರು ಕಂಡದ್ದು ಸರಿ, ಅದಕ್ಕೆ ಹಚ್ಚಿದ ಹೆಸರು ಮಾತ್ರ ಪಕ್ಕದ ಮನೆಯದು. ಪಂಜಾಬನ್ನು ಬಿಟ್ಟು ಬೀಜವನ್ನು ಇಲ್ಲೇ ಮಾಡಿಕೊಳ್ಳೋಣವೆಂದರೆ ಗಿಡಹೇನುಗಳು ನಂಜುರೋಗ ಹರಡಿ ನಾಲ್ಕಾರು ಬೆಳೆಯೊಳಗೆ ಗೆಡ್ಡೆ ಗೋಲಿಯಾಗುತ್ತದೆ. ಆ ಉತ್ತರದ ಚಳಿಯಲ್ಲಿ ಹೇನಿಲ್ಲದ ತಿಂಗಳುಗಳು ಸಿಗುತ್ತವೆ, ಇಲ್ಲಿ ಸಿಗುವುದಿಲ್ಲ.

ಇದೆಲ್ಲ ಕಣ್ಣಿಗೆ ಬೀಳುವ ಅಪಾಯಗಳು. ಕಣ್ಣಿಗೆ ಬೀಳದ ಒಂದಿದೆ, ಈ ಬರಹಕ್ಕೆ ಮುಖ್ಯವಾದದ್ದೂ ಅದೇ: ರಾತ್ರಿಯ ಬಿಸಿ. ಆಲೂಗಡ್ಡೆ ಗಿಡ ಹಗಲು ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಬುಡಕ್ಕೆ ಇಳಿಸಿ ಗೆಡ್ಡೆ ಕಟ್ಟಬೇಕಾದರೆ ರಾತ್ರಿ ತಂಪಾಗಿರಬೇಕು. ಉಷ್ಣಾಂಶ 20 ಡಿಗ್ರಿಯ ಕೆಳಗಿದ್ದರೆ ಅದಕ್ಕೆ ಹಿತ. ರಾತ್ರಿ ಬೆಚ್ಚಗಾದಷ್ಟೂ ಗೆಡ್ಡೆ ಕಟ್ಟುವ ಸೂಚನೆ ಮಂಕಾಗುತ್ತದೆ, ಗಿಡ ಸೊಪ್ಪು ಬಿಡುವುದರಲ್ಲೇ ಮೈಮರೆಯುತ್ತದೆ. ಹೊಲ ಹಸಿರಾಗಿ ತುಂಬಿಕೊಂಡಿರುತ್ತದೆ, ಅಗೆದಾಗ ಮಾತ್ರ ಬುಡದಲ್ಲಿ ನಾಲ್ಕು ನೆಲ್ಲಿಕಾಯಿ. ‘ಸೊಪ್ಪಿಗೆ ಹೋಯ್ತು’ ಎನ್ನುವುದು ಹೊಲದಲ್ಲಿ ಕೇಳುವ ಮಾತು. ಆರೋಪ ಯೂರಿಯಾದ ಮೇಲೆ ಬೀಳುತ್ತದೆ, ಬೀಜದ ಮೇಲೆ ಬೀಳುತ್ತದೆ. ಒಮ್ಮೊಮ್ಮೆ ಅದೂ ಸರಿಯೇ. ಸಾರಜನಕ ಹೆಚ್ಚಾದರೂ ಹೀಗೇ ಆಗುತ್ತದೆ. ರಾತ್ರಿಯ ಮೇಲೆ ಮಾತ್ರ ಯಾರೂ ಬೆರಳು ತೋರಿಸುವುದಿಲ್ಲ. ಮಳೆಗೆ ಇಪ್ಪತ್ತೇಳು ಹೆಸರಿಟ್ಟುಕೊಂಡ ಬೇಸಾಯಕ್ಕೆ ರಾತ್ರಿಯ ಬಿಸುಪಿಗೆ ಒಂದೂ ಹೆಸರಿಲ್ಲ. ಜೂನ್‌ನಲ್ಲಿ ಕಂಬಳಿ ಹೊದೆಯುತ್ತಿದ್ದವರು ಈಗ ಫ್ಯಾನ್ ಹಾಕಿ ಮಲಗುತ್ತಾರೆ ಎನ್ನುವುದು ಮನೆಯ ಮಾತಾಗಿ ಉಳಿಯುತ್ತದೆಯೇ ಹೊರತು ಹೊಲದ ಮಾತಾಗುವುದಿಲ್ಲ.

ಹೋಲಿಕೆಗೆ ಆಲೂಗಡ್ಡೆಯ ತವರಿಗೇ ಹೋಗಬೇಕು. ಪೆರು ದೇಶದ ಕುಸ್ಕೊ ಪ್ರಾಂತ್ಯದಲ್ಲಿ ಪಿಸಾಕ್ ಎಂಬಲ್ಲಿ ಕೆಚುವಾ ಭಾಷೆಯಾಡುವ ಹಳ್ಳಿಗಳು ಒಟ್ಟುಗೂಡಿ ನಡೆಸುವ ‘ಆಲೂಗಡ್ಡೆ ಉದ್ಯಾನ’ವಿದೆ. ಹೆಸರು ಕೇಳಿ ಹೂದೋಟ ಎಂದುಕೊಳ್ಳಬಾರದು. ಆಂಡೀಸ್ ಪರ್ವತದ ಇಳಿಜಾರಿನ ಸಾವಿರಾರು ಹೆಕ್ಟೇರ್ ಹೊಲ–ಹುಲ್ಲುಗಾವಲು ಅದು. ಸಾವಿರಕ್ಕೂ ಮಿಕ್ಕಿದ ಆಲೂಗಡ್ಡೆ ತಳಿಗಳನ್ನು ಅಲ್ಲಿ ಹೊಲದಲ್ಲೇ ಉಳಿಸಿಕೊಂಡಿದ್ದಾರೆ. ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಹಿಂದೆ ಇಂಥ ಹಳ್ಳಿಗಳಿಂದ ಒಯ್ದಿದ್ದ ತಳಿಗಳಲ್ಲಿ ನಾನೂರಕ್ಕೂ ಹೆಚ್ಚನ್ನು 2004ರ ಒಪ್ಪಂದದ ನಂತರ ಮರಳಿಸಿತು. ಬೆಳೆ ಕಾಯುವ ಹೊಣೆ ಹೊತ್ತವರಿಗೆ ಅಲ್ಲಿ ‘ಪಾಪಾ ಅರರಿವ’ ಎಂಬ ಹೆಸರಿದೆ. ‘ಪಾಪಾ’ ಎಂದರೆ ಆಲೂಗಡ್ಡೆ, ಕನ್ನಡದ ಪಾಪ ಅಲ್ಲ.

ಈ ಜನ ಹೇಳುವ ಬದಲಾವಣೆಗೆ ಮೀಟರಿನ ಲೆಕ್ಕವಿದೆ. ಮೂರು ದಶಕಗಳಲ್ಲಿ ಆಲೂಗಡ್ಡೆ ಊರುವ ಕೆಳಗಿನ ಗೆರೆ ಸುಮಾರು 200 ಮೀಟರ್ ಮೇಲಕ್ಕೆ ಹತ್ತಿದೆ ಎನ್ನುತ್ತಾರೆ. ತಾತ ಬೆಳೆದ ತಟ್ಟಿನಲ್ಲಿ ಈಗ ಹುಳು, ಅಂಗಮಾರಿ. ಹೀಗೆ ಹತ್ತುತ್ತಾ ಹೋದರೆ ಒಂದು ದಿನ ಬೆಟ್ಟ ಮುಗಿದು ಬಂಡೆ ಬರುತ್ತದೆ. ಹಾಸನದವರಿಗೆ ಈ ಏಣಿಯೂ ಇಲ್ಲ. ಪಶ್ಚಿಮಕ್ಕೆ ಹೋದರೆ ಸಕಲೇಶಪುರದ ಕಾಫಿ ತೋಟ, ಅದರಾಚೆ ಘಟ್ಟ.

ಇನ್ನೂ ಕುತೂಹಲದ ಸಂಗತಿ ಚುನ್ಯೊ. ಜೂನ್–ಜುಲೈ ಆಂಡೀಸಿನಲ್ಲಿ ಚಳಿಗಾಲ. ಕಿತ್ತ ಗೆಡ್ಡೆಗಳನ್ನು ರಾತ್ರಿ ಬಯಲಿನಲ್ಲಿ ಹರಡಿ ಹೆಪ್ಪುಗಟ್ಟಲು ಬಿಡುತ್ತಾರೆ, ಹಗಲು ಬಿಸಿಲಿಗೆ ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಹೀಗೆ ಕೆಲವು ದಿನ ಮಾಡಿ ಒಣಗಿಸಿದ ಗೆಡ್ಡೆ ನಮ್ಮ ಸಂಡಿಗೆಯಂತೆ ಹಗುರ, ವರ್ಷಗಟ್ಟಲೆ ಕೆಡುವುದಿಲ್ಲ. ಇದಕ್ಕೆ ಬೇಕಾದದ್ದು ಸಾಲಾಗಿ ಕೆಲವು ಹೆಪ್ಪುಗಟ್ಟಿಸುವ ರಾತ್ರಿಗಳು. ಇಬ್ಬನಿ ಹಿಮವಾಗದಿದ್ದರೆ ಚುನ್ಯೊ ಹಾಳು, ಉಗ್ರಾಣ ಖಾಲಿ. ಹಾಗಾಗಿ ರಾತ್ರಿ ಬೆಚ್ಚಗಾಗುತ್ತಿದೆ ಎಂಬುದು ಅಲ್ಲಿ ಅಡುಗೆಮನೆಯ ಸುದ್ದಿ. ಅವರಿಗೆ ಥರ್ಮಾಮೀಟರ್ ಬೇಕಿಲ್ಲ, ಅಂಗಳದಲ್ಲಿ ಹರಡಿದ ಗೆಡ್ಡೆಯೇ ಥರ್ಮಾಮೀಟರ್. ಯಾವ ಅಪಾಯವನ್ನು ಅಳೆಯುವ ಸಾಧನ ದಿನದ ಕೆಲಸದಲ್ಲೇ ಸೇರಿಕೊಂಡಿದೆಯೋ ಆ ಅಪಾಯ ಜನರಿಗೆ ಕಾಣುತ್ತದೆ. ಹಾಸನದವರು ಮಳೆಯನ್ನು ಕಂಡದ್ದೂ ರಾತ್ರಿಯನ್ನು ಕಾಣದ್ದೂ ಇದೇ ಕಾರಣಕ್ಕೆ. ತಿಳಿವಳಿಕೆಯ ಕೊರತೆ ಎಂದು ಇದನ್ನು ಕರೆಯುವುದು ಸೋಮಾರಿತನ.

ಆಂಡೀಸಿನವರ ಮತ್ತೊಂದು ಸಾಧನ ಕನ್ನಡಿಗರಿಗೆ ಬೆರಗು ಹುಟ್ಟಿಸುವಂಥದ್ದು. ಜೂನ್ 24ರ ಸಂತ ಯೋಹಾನನ ಹಬ್ಬದ ಆಸುಪಾಸಿನಲ್ಲಿ ಪೆರು, ಬೊಲಿವಿಯಾದ ರೈತರು ನಸುಕಿಗೆ ಎದ್ದು ಬೆಟ್ಟ ಹತ್ತಿ ಒಂದು ನಕ್ಷತ್ರಪುಂಜವನ್ನು ನೋಡುತ್ತಾರೆ. ಅದು ದೊಡ್ಡದಾಗಿ ಹೊಳೆಯುತ್ತಿದ್ದರೆ ಮಳೆ ಚೆನ್ನ. ಮಬ್ಬಾಗಿದ್ದರೆ ಮಳೆ ತಡ, ಆಲೂಗಡ್ಡೆ ಬಿತ್ತನೆಯನ್ನು ಮುಂದೂಡಬೇಕು. ಕನಿಷ್ಠ ನಾನೂರು ವರ್ಷದ ರೂಢಿ ಇದು. ಬೆಂಜಮಿನ್ ಆರ್ಲೊವ್, ಜಾನ್ ಚಿಯಾಂಗ್, ಮಾರ್ಕ್ ಕೇನ್ ಎಂಬ ಮೂವರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಗುಟ್ಟು ಬಿಡಿಸಿದರು. ಎಲ್ ನಿನೊ ವರ್ಷಗಳಲ್ಲಿ ಬಹು ಎತ್ತರದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಮೋಡ ಹರಡಿ ನಕ್ಷತ್ರ ಮಂಕಾಗುತ್ತದೆ. ಅದೇ ಎಲ್ ನಿನೊ ಮುಂದೆ ಅಲ್ಲಿ ಮಳೆಯನ್ನೂ ತಗ್ಗಿಸುತ್ತದೆ. ಆ ನಕ್ಷತ್ರಪುಂಜ ಯಾವುದೆಂದರೆ ನಮ್ಮ ಕೃತ್ತಿಕೆ, ಷಣ್ಮುಖನಿಗೆ ಹಾಲೂಡಿಸಿದ ತಾಯಂದಿರು. ಹಾಸನದಲ್ಲಿ ಗೆಡ್ಡೆ ಊರುವ ಕೃತ್ತಿಕೆ ಮಳೆಯ ದಿನಗಳಲ್ಲಿ ಸೂರ್ಯ ಆ ಪುಂಜದ ಜೊತೆಗೇ ಇರುವುದರಿಂದ ಅದು ಯಾರಿಗೂ ಕಾಣುವುದಿಲ್ಲ. ತಿಂಗಳು ಕಳೆದು ಸೂರ್ಯ ಮುಂದೆ ಸರಿದ ಮೇಲೆ ನಸುಕಿನಲ್ಲಿ ಮತ್ತೆ ಮೂಡುವ ಅದೇ ಕೃತ್ತಿಕೆಯನ್ನು ಭೂಮಿಯ ಆ ಬದಿಯಲ್ಲಿ ಆಲೂಗಡ್ಡೆ ಬೆಳೆಯುವವರು ಕಾಯುತ್ತಿರುತ್ತಾರೆ.

ಇಷ್ಟಾಗಿ, ಹಾಸನದ ರೈತರ ನಿಜವಾದ ಅಭಿಪ್ರಾಯ ಅವರ ಮಾತಿಗಿಂತ ಹೊಲದಲ್ಲಿ ಸ್ಪಷ್ಟವಾಗಿ ಬರೆದಿದೆ. ಎರಡು ದಶಕದ ಹಿಂದೆ ಕಣ್ಣು ಹಾಯಿಸಿದಷ್ಟೂ ಆಲೂಗಡ್ಡೆಯಿದ್ದ ಕಡೆ ಇಂದು ಮುಸುಕಿನ ಜೋಳ ನಿಂತಿದೆ, ನೀರಿದ್ದವರ ಹೊಲದಲ್ಲಿ ಶುಂಠಿ. ಸಮೀಕ್ಷೆಯ ಯಾವ ‘ಹೌದು’ಗಿಂತಲೂ ಗಟ್ಟಿಯಾದ ಉತ್ತರ ಇದು. ಅದನ್ನು ಪೂರ್ತಿಯಾಗಿ ಹವೆಯ ಲೆಕ್ಕಕ್ಕೆ ಬರೆಯುವುದೂ ತಪ್ಪು. ಬೀಜದ ಬೆಲೆ, ಕೂಲಿ, ಕಿತ್ತ ದಿನ ಕುಸಿಯುವ ಮಾರುಕಟ್ಟೆ ಎಲ್ಲವೂ ತಳ್ಳಿವೆ. ಜೋಳ ಹಾಕಿದವರು ನೆಮ್ಮದಿ ಕಂಡರೇ ಎಂದರೆ, 2018ರಲ್ಲಿ ಶಿವಮೊಗ್ಗದಲ್ಲಿ ದೇಶಕ್ಕೇ ಮೊದಲ ಬಾರಿಗೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಜೋಳದ ಸುಳಿಗೇ ಬಾಯಿ ಹಾಕಿತು. ಆಲೂಗಡ್ಡೆಯಲ್ಲೇ ಉಳಿದವರು ಮೂರು ತಿಂಗಳಿಗೆ ಕೈಗೆ ಬರುವ ದುಡ್ಡನ್ನೂ ಅದೇ ನೆಲದಲ್ಲಿ ತೆಗೆಯಬಹುದಾದ ಎರಡನೆಯ ಬೆಳೆಯನ್ನೂ ಬಿಡಲಾರದವರು. ಅವರು ಅಪಾಯವನ್ನು ಅರಿಯದೆ ಉಳಿದಿಲ್ಲ. ಲಾಟರಿ ಎಂದು ಬೈದುಕೊಂಡೇ ಬಿತ್ತುತ್ತಾರೆ.

ದಾರಿಗಳು ಇಲ್ಲವೆಂದಲ್ಲ. ಅಂಗಮಾರಿಯನ್ನು ತಾಳಿಕೊಳ್ಳುವ ಕುಫ್ರಿ ಕರಣ್‌ನಂಥ ಹೊಸ ತಳಿಗಳಿವೆ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ ಗಿಡಗಳ ಕುಡಿ ಕತ್ತರಿಸಿ ಬೇರು ಬರಿಸಿ, ತಟ್ಟೆಯಲ್ಲಿ ಸಸಿ ಬೆಳೆಸುವ ಕೆಲಸ ನಡೆದಿದೆ. ರೋಗವಿಲ್ಲದ ಬೀಜವನ್ನು ಇಲ್ಲೇ ಮಾಡಿಕೊಂಡು ಜಲಂಧರಿನ ಹಂಗು ತಗ್ಗಿಸುವುದು ಅದರ ಗುರಿ. ಜಾಣ ಉಪಾಯವೇ ಸರಿ. ಆದರೆ ಎಳೆ ಸಸಿಗೆ ನಾಟಿ ಮಾಡಿದ ದಿನವೇ ನೀರು ಬೇಕು, ಗೆಡ್ಡೆಯಂತೆ ಹೊಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಅದು ಬಂದಿರುವುದಿಲ್ಲ. ಕೊಳವೆಬಾವಿ ಇದ್ದವನು ಸಸಿ ನೆಡುತ್ತಾನೆ. ಮಳೆಯನ್ನೇ ನಂಬಿದವನು ಆ ಬೀಜ ತನ್ನವರೆಗೆ ಬರುವ ತನಕ ಚೀಲದ ಬಾಯಿಯನ್ನೇ ಮೂಸಬೇಕು.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದೆ, ‘ವರುಣ ಮಿತ್ರ’ ಎಂಬ ಸಹಾಯವಾಣಿ ಹಗಲೂ ರಾತ್ರಿ ಫೋನೆತ್ತುತ್ತದೆ. ಆಲೂಗಡ್ಡೆ ಹೊಲದಿಂದ ಕರೆ ಮಾಡುವವನಿಗೆ ಬೇಕಾದ ಮಾಹಿತಿ ಚಿಕ್ಕದು. ಡ್ರಮ್ಮಿನಲ್ಲಿ ಔಷಧಿ ಕಲಸಿ ಆಗಿದೆ, ಆಳು ಬಂದು ನಿಂತಿದ್ದಾರೆ, ಹೊಡೆದದ್ದು ಎಲೆಯ ಮೇಲೆ ಒಣಗಲು ನಾಲ್ಕು ಗಂಟೆ ಬೇಕು. ಅಷ್ಟರೊಳಗೆ ಮಳೆ ಬರುತ್ತದೋ ಇಲ್ಲವೋ.